ಇಂಗ್ಲೆಂಡಿನ ಗಾದಿ ಯಾರಿಗೆ? ಪದೇ ಪದೇ ಕೇಳುವ ಪ್ರಶ್ನೆಗಳು

2022ರಲ್ಲಿ ಎಲಿಜಬೆತ್ ರಾಣಿ ತೀರಿಕೊಂಡಾಗಿನಿಂದ ಮನೆಯಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಒಂದೇ ಬಗೆಯ ಪ್ರಶ್ನೆಗಳು ನನಗೆ ಎದುರಾಗುತ್ತಲೇ ಇವೆ. ಇತಿಹಾಸದ ಹುಚ್ಚು ಹಚ್ಚಿಕೊಂಡ ತಪ್ಪಿಗೆ ಉತ್ತರ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಕೇಳುವವರಲ್ಲಿ ಹೆಚ್ಚಿನವರು ನಂಬಿರುವುದು ಇಷ್ಟು: ರಾಜನ ಮಗ ರಾಜ, ಅದೆಲ್ಲ ರಕ್ತದ ಮಾತು. ರಕ್ತ ಬೇಕು, ನಿಜ. ಆದರೆ ಯಾರ ರಕ್ತ ನಡೆಯುತ್ತದೆ, ಯಾರದು ನಡೆಯುವುದಿಲ್ಲ ಎಂದು ಗೆರೆ ಎಳೆಯುವುದು ಪಾರ್ಲಿಮೆಂಟು. ಕೆಳಗಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಇದೆ.

ಚಾರ್ಲ್ಸ್ ರಾಜರಾದದ್ದು 2022ರಲ್ಲೋ, 2023ರಲ್ಲೋ?

2022ರಲ್ಲಿ. ಸೆಪ್ಟೆಂಬರ್ 8ರ ಮಧ್ಯಾಹ್ನ 3 ಗಂಟೆ 10 ನಿಮಿಷಕ್ಕೆ ಸ್ಕಾಟ್ಲೆಂಡಿನ ಬಾಲ್ಮೋರಲ್‌ನಲ್ಲಿ ರಾಣಿ ಕೊನೆಯುಸಿರೆಳೆದರು ಎಂದು ಅವರ ಮರಣ ಪತ್ರದಲ್ಲಿದೆ. ಜಗತ್ತಿಗೆ ಸುದ್ದಿ ಮುಟ್ಟಿದ್ದು ಸಂಜೆ ಆರೂವರೆಗೆ. ನಡುವಿನ ಮೂರು ಗಂಟೆ ಇಪ್ಪತ್ತು ನಿಮಿಷ ಯಾರೂ ಘೋಷಿಸದೆ, ಯಾರೂ ಕಿರೀಟ ಇಡದೆ ಚಾರ್ಲ್ಸ್ ರಾಜರಾಗಿಯೇ ಇದ್ದರು. ಸೆಪ್ಟೆಂಬರ್ 10ರಂದು ಸೇಂಟ್ ಜೇಮ್ಸ್ ಅರಮನೆಯಲ್ಲಿ ನಡೆದ ಸಭೆ ಆಗಿಹೋದದ್ದನ್ನು ಡಂಗುರ ಸಾರಿತು, ಅಷ್ಟೇ. ಆ ಸಭೆಯನ್ನು ಟಿವಿಯಲ್ಲಿ ತೋರಿಸಿದ್ದು ಅದೇ ಮೊದಲು.

ಅವರ ತಾಯಿಯ ಕಥೆ ಇನ್ನೂ ಸೋಜಿಗದ್ದು. 1952ರ ಫೆಬ್ರವರಿ 6ರ ಬೆಳಗಿನ ಜಾವ ಎಲಿಜಬೆತ್ ಕೀನ್ಯಾದ ಕಾಡಿನಲ್ಲಿ, ಮರದ ಮೇಲೆ ಕಟ್ಟಿದ ಟ್ರೀಟಾಪ್ಸ್ ಎಂಬ ವಸತಿಯಲ್ಲಿದ್ದರು. ಕೆಳಗೆ ನೀರಿಗೆ ಬರುವ ಪ್ರಾಣಿಗಳನ್ನು ನೋಡುವುದಕ್ಕೆಂದು ಹೋದವರು. ಅತ್ತ ಸ್ಯಾಂಡ್ರಿಂಗ್‌ಹ್ಯಾಮ್‌ನಲ್ಲಿ ಅವರ ತಂದೆ ಆರನೆಯ ಜಾರ್ಜ್ ನಿದ್ದೆಯಲ್ಲೇ ತೀರಿಹೋಗಿದ್ದರು. ಪ್ರಾಣ ಹೋದದ್ದು ಎಷ್ಟು ಹೊತ್ತಿಗೆ ಎಂದು ನೋಡಿದವರಿಲ್ಲ. ಹೀಗಾಗಿ ತಾನು ಯಾವ ಗಳಿಗೆಯಲ್ಲಿ ರಾಣಿಯಾದೆ ಎಂಬುದು ಎಪ್ಪತ್ತು ವರ್ಷ ಆಳಿದ ಆ ಹೆಂಗಸಿಗೇ ಗೊತ್ತಿರಲಿಲ್ಲ.

ಹಾಗಾದರೆ 2023ರ ಮೇ 6ರಂದು ಅಷ್ಟು ಖರ್ಚು ಮಾಡಿ ಪಟ್ಟಾಭಿಷೇಕ ಯಾಕೆ?

ಧಾರ್ಮಿಕ ವಿಧಿ. ರಿಜಿಸ್ಟರ್ ಮದುವೆ ಮುಗಿದ ಎಂಟು ತಿಂಗಳಿಗೆ ಆರತಕ್ಷತೆ ಇಟ್ಟುಕೊಂಡ ಹಾಗೆ. ಆರತಕ್ಷತೆ ಆಗದಿದ್ದರೂ ಗಂಡ ಹೆಂಡಿರು ಗಂಡ ಹೆಂಡಿರೇ. ಐದನೆಯ ಎಡ್ವರ್ಡ್, ಎಂಟನೆಯ ಎಡ್ವರ್ಡ್ ಇಬ್ಬರಿಗೂ ಪಟ್ಟಾಭಿಷೇಕ ಆಗಲೇ ಇಲ್ಲ, ಆದರೂ ರಾಜರ ಲೆಕ್ಕದಲ್ಲಿ ಅವರಿದ್ದಾರೆ.

ಹಿಂದೆ ಹೀಗಿರಲಿಲ್ಲ. ಕಿರೀಟ ಯಾರ ತಲೆ ಮೇಲೆ ಕೂರುತ್ತದೋ ಅವನೇ ರಾಜ. 1066ರ ಜನವರಿ 5ರಂದು ಎಡ್ವರ್ಡ್ ದೊರೆ ಸತ್ತ, ಮಾರನೆಯ ದಿನವೇ ಹೆರಾಲ್ಡ್ ಪಟ್ಟ ಕಟ್ಟಿಸಿಕೊಂಡ. ಆ ಅವಸರಕ್ಕೆ ಕಾರಣ ಇದೇ. ಅದು ಬದಲಾದದ್ದು 1272ರಲ್ಲಿ. ಮೂರನೆಯ ಹೆನ್ರಿ ಸತ್ತಾಗ ಮಗ ಎಡ್ವರ್ಡ್ ಧರ್ಮಯುದ್ಧಕ್ಕೆಂದು ದೂರ ದೇಶದಲ್ಲಿದ್ದ. ಊರಿಗೆ ಬಂದು ಕಿರೀಟ ಧರಿಸಿದ್ದು 1274ರ ಆಗಸ್ಟಿನಲ್ಲಿ. ಅಲ್ಲಿಯತನಕ ಗಾದಿ ಖಾಲಿ ಎನ್ನಲು ಯಾರಿಗೂ ಮನಸ್ಸಿರಲಿಲ್ಲ. ಅವನಿಲ್ಲದೆಯೇ ಅವನನ್ನು ರಾಜನೆಂದು ಸಾರಿ ಅವನ ಹೆಸರಿನಲ್ಲೇ ಆಡಳಿತ ನಡೆಸಿದರು. ರಾಜ ಸತ್ತರೂ ಅರಮನೆಯ ರಾಜಧ್ವಜ ಅರ್ಧಕ್ಕೆ ಇಳಿಯದಿರುವುದು ಇದೇ ಲೆಕ್ಕದ ಮೇಲೆ: ರಾಜನಿಲ್ಲದ ಗಳಿಗೆಯೇ ಇಲ್ಲ.

ಈಗ ಸಾಲಿನಲ್ಲಿ ಯಾರು ಯಾರಿದ್ದಾರೆ?

ಚಾರ್ಲ್ಸರ ಹಿರಿಯ ಮಗ ವಿಲಿಯಂ, ಅವರ ಮಕ್ಕಳು ಜಾರ್ಜ್, ಷಾರ್ಲೆಟ್, ಲೂಯಿ. ಆಮೇಲೆ ಕಿರಿಯ ಮಗ ಹ್ಯಾರಿ, ಅವರ ಇಬ್ಬರು ಮಕ್ಕಳು. ಆಮೇಲೆ ಚಾರ್ಲ್ಸರ ತಮ್ಮ ಆಂಡ್ರ್ಯೂ, ಅವರ ಹೆಣ್ಣುಮಕ್ಕಳು ಮತ್ತು ಮೊಮ್ಮಕ್ಕಳು. ಆಮೇಲೆ ಇನ್ನೊಬ್ಬ ತಮ್ಮ ಎಡ್ವರ್ಡ್, ಅವರ ಮಕ್ಕಳು. ಕೊನೆಗೆ ತಂಗಿ ಆನ್. ಸೂತ್ರ ಇಷ್ಟೇ: ಹಿರಿಯ ಕೊಂಬೆಯನ್ನು ತುದಿಯ ಎಲೆಯವರೆಗೂ ಎಣಿಸಿ ಮುಗಿಸದೆ ಮುಂದಿನ ಕೊಂಬೆ ಮುಟ್ಟುವ ಹಾಗಿಲ್ಲ. ವಿಲಿಯಂ ಮನೆಯಲ್ಲಿ ಮಗು ಹುಟ್ಟಿದಾಗಲೆಲ್ಲ ಹ್ಯಾರಿ ಒಂದು ಮೆಟ್ಟಿಲು ಕೆಳಗಿಳಿದದ್ದು ಹೀಗೆ.

ಆನ್ ಆ ಇಬ್ಬರು ತಮ್ಮಂದಿರಿಗಿಂತ ದೊಡ್ಡವರಲ್ಲವೇ, ಅವರ ಹಿಂದೆ ಯಾಕೆ?

ಹಳೆಯ ಕಾನೂನಿನ ಪೆಟ್ಟು. ಮಗ ಇದ್ದರೆ ಮಗ, ಇಲ್ಲದಿದ್ದರಷ್ಟೇ ಮಗಳು ಎಂಬುದು ಶತಮಾನಗಳಿಂದ ನಡೆದುಬಂದ ಪದ್ಧತಿ. 1950ರಲ್ಲಿ ಹುಟ್ಟಿದಾಗ ಆನ್ ಸಾಲಿನಲ್ಲಿ ಮೂರನೆಯವರು, ತಾಯಿ ರಾಣಿಯಾದ ಮೇಲೆ ಎರಡನೆಯವರು. 1960ರಲ್ಲಿ ಆಂಡ್ರ್ಯೂ, 1964ರಲ್ಲಿ ಎಡ್ವರ್ಡ್ ಹುಟ್ಟಿದರು. ಅವರೂ ಅವರ ಮಕ್ಕಳು ಮೊಮ್ಮಕ್ಕಳೂ ಮುಂದೆ ಬಂದು ಬಂದು 2025ರ ಲೆಕ್ಕಕ್ಕೆ ಆನ್ 18ನೆಯ ಸ್ಥಾನದಲ್ಲಿದ್ದರು.

ಈಗ ಆ ಭೇದ ಇಲ್ಲ. 2011ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಆಗ ರಾಣಿಯನ್ನು ಮುಖ್ಯಸ್ಥೆಯಾಗಿ ಒಪ್ಪಿಕೊಂಡಿದ್ದ ದೇಶಗಳ ಪ್ರಧಾನಿಗಳು ಕೂತು ಮಾತಾಡಿಕೊಂಡರು. 2013ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ಕಾಯ್ದೆ ಮಾಡಿತು, 2015ರ ಮಾರ್ಚ್ 26ರಂದು ಅದು ಜಾರಿಗೆ ಬಂತು. ಷಾರ್ಲೆಟ್ ಹುಟ್ಟಿದ್ದು ಅದೇ ವರ್ಷ ಮೇ 2ರಂದು. ಮೂರು ವರ್ಷದ ನಂತರ ತಮ್ಮ ಲೂಯಿ ಬಂದ, ಅಕ್ಕ ಇದ್ದಲ್ಲೇ ಉಳಿದಳು. ತಮ್ಮ ಹುಟ್ಟಿದ್ದಕ್ಕೆ ಅಕ್ಕನ ಸ್ಥಾನ ಕದಲದಿದ್ದದ್ದು ಆ ಮನೆತನದಲ್ಲಿ ಹೊಸ ಸಂಗತಿ.

ಆದರೆ 2011ರ ಅಕ್ಟೋಬರ್ 28ರ ನಂತರ ಹುಟ್ಟಿದವರಿಗಷ್ಟೇ ಇದು ಅನ್ವಯ. ಎಡ್ವರ್ಡ್ ಮನೆಯಲ್ಲಿ 2003ರಲ್ಲಿ ಹುಟ್ಟಿದ ಲೂಯಿಸ್ 2007ರಲ್ಲಿ ಹುಟ್ಟಿದ ತಮ್ಮ ಜೇಮ್ಸ್‌ನ ಹಿಂದೆಯೇ ನಿಂತಿದ್ದಾಳೆ. ಹಳೆಯ ಲೆಕ್ಕವನ್ನೂ ತಿದ್ದಬಹುದಿತ್ತು ಎಂಬುದು ನನ್ನ ಅಭಿಪ್ರಾಯ. ಯಾರ ಪಟ್ಟವೂ ತಪ್ಪುತ್ತಿರಲಿಲ್ಲ, ಆನ್‌ಗೆ ನ್ಯಾಯ ಸಿಗುತ್ತಿತ್ತು.

ಎಲಿಜಬೆತ್ ರಾಣಿಗೆ ಒಬ್ಬ ತಮ್ಮ ಹುಟ್ಟಿದ್ದರೆ?

ಅವನೇ ರಾಜ. ಆಗಿನ ಕಾನೂನಿನಂತೆ ಎಲಿಜಬೆತ್ ತಂದೆಯ ಕೊನೆಯ ಕ್ಷಣದವರೆಗೂ 'ಸದ್ಯದ ವಾರಸುದಾರೆ' ಮಾತ್ರ. ವಾರಸುದಾರರಲ್ಲಿ ಎರಡು ಬಗೆ. ಯಾರು ಹುಟ್ಟಿದರೂ ಸ್ಥಾನ ಕದಲದವರು ಒಂದು, ವಿಲಿಯಂ ಈಗ ಹಾಗಿದ್ದಾರೆ. ಇನ್ನೊಂದು, ಸದ್ಯಕ್ಕೆ ಮುಂದಿದ್ದರೂ ಹುಟ್ಟಲಿರುವ ಮಗುವೊಂದು ಹಿಂದೆ ತಳ್ಳಬಹುದಾದವರು.

ಇದು ಬರೀ ಪುಸ್ತಕದ ವಿಚಾರ ಅಂದುಕೊಳ್ಳಬೇಡಿ. 1837ರ ಜೂನ್ 20ರಂದು ನಾಲ್ಕನೆಯ ವಿಲಿಯಂ ಸತ್ತಾಗ ಹದಿನೆಂಟು ವರ್ಷದ ವಿಕ್ಟೋರಿಯಾ ರಾಣಿಯಾದಳು. ಆದರೆ ಅವಳನ್ನು ರಾಣಿಯೆಂದು ಸಾರಿದ ಘೋಷಣೆಯಲ್ಲೇ ಒಂದು ಬಾಲ ಇತ್ತು: ತೀರಿಕೊಂಡ ದೊರೆಯ ಪತ್ನಿಗೆ ಮುಂದೆ ಮಗು ಹುಟ್ಟಿದರೆ ಅದರ ಹಕ್ಕಿಗೆ ಧಕ್ಕೆಯಿಲ್ಲ ಎಂದು. ವಿಧವೆ ಅಡಿಲೇಡ್‌ಗೆ ಆಗ 44 ವರ್ಷ. ಬಸುರಿಯಾಗಿರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಕಾನೂನು ಪಂಡಿತರು ಬಿಡಲಿಲ್ಲ. ಗರ್ಭದಲ್ಲಿರುವ, ಇಲ್ಲದೆಯೂ ಇರಬಹುದಾದ ಮಗುವಿಗಾಗಿ ಗಾದಿಯ ಮೇಲೆ ಟವೆಲ್ ಹಾಸಿ ಸೀಟು ಹಿಡಿದಿಟ್ಟಂತೆ.

ವಿಕ್ಟೋರಿಯಾ ಅಷ್ಟು ಜನ ಚಿಕ್ಕಪ್ಪ ದೊಡ್ಡಪ್ಪಂದಿರ ನಡುವೆ ರಾಣಿಯಾದದ್ದು ಹೇಗೆ?

ಅವಳು ಹುಟ್ಟಿದ್ದೇ ಪಟ್ಟದ ಪೈಪೋಟಿಯಿಂದ. ಮೂರನೆಯ ಜಾರ್ಜ್‌ಗೆ ಹದಿನೈದು ಮಕ್ಕಳು. ಆದರೆ ಸಕ್ರಮ ಮದುವೆಯಿಂದ ಹುಟ್ಟಿದ ಮೊಮ್ಮಗಳು ಒಬ್ಬಳೇ, ಷಾರ್ಲೆಟ್. 1817ರ ನವೆಂಬರಿನಲ್ಲಿ ಅವಳು ಹೆರಿಗೆಯಲ್ಲಿ ತೀರಿಹೋದಳು, ಮಗುವೂ ಉಳಿಯಲಿಲ್ಲ. ಐವತ್ತರ ಆಚೀಚೆ ಇದ್ದ ರಾಜಕುಮಾರರು ಆಗ ಗಡಿಬಿಡಿಯಿಂದ ಹೆಣ್ಣು ನೋಡಲು ಹೊರಟರು. 1818ರ ಜುಲೈ 11ರಂದು ಕ್ಯೂ ಅರಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರ ಮದುವೆ ಒಂದೇ ಚಪ್ಪರದಡಿ ಎನ್ನುವ ಹಾಗೆ ಜೋಡಿಯಾಗಿ ಆಯಿತು. ಆ ಇಬ್ಬರಲ್ಲಿ ಒಬ್ಬ ಮುಂದಿನ ನಾಲ್ಕನೆಯ ವಿಲಿಯಂ, ಇನ್ನೊಬ್ಬ ವಿಕ್ಟೋರಿಯಾಳ ಅಪ್ಪ.

ನಮ್ಮ ಭಾಷೆಯಲ್ಲಿ ಹೇಳಿದರೆ ಸಾಲು ತಾನಾಗಿ ತಿಳಿಯುತ್ತದೆ, ಎಲ್ಲರನ್ನೂ ಅಂಕಲ್ ಎಂದರೆ ತಿಳಿಯುವುದಿಲ್ಲ. ದೊಡ್ಡಪ್ಪಂದಿರೆಲ್ಲ ವಾರಸುದಾರರಿಲ್ಲದೆ ತೀರಿದರು. ಚಿಕ್ಕಪ್ಪಂದಿರು ಅವಳ ಅಪ್ಪನಿಗಿಂತ ಕಿರಿಯರು, ಹಾಗಾಗಿ ಅಪ್ಪನ ಕೊಂಬೆ ಅವರಿಗಿಂತ ಮುಂದು. ಆದರೆ ಜರ್ಮನಿಯ ಹ್ಯಾನೊವರ್ ರಾಜ್ಯವೂ ಇದೇ ಮನೆತನದ್ದು, ಅಲ್ಲಿ ಗಂಡು ವಾರಸುದಾರ ಇರುವ ತನಕ ಹೆಣ್ಣಿಗೆ ಪಟ್ಟವಿಲ್ಲ. ಆ ಗಾದಿ ಚಿಕ್ಕಪ್ಪ ಅರ್ನೆಸ್ಟ್ ಆಗಸ್ಟಸ್ ಪಾಲಾಯಿತು. ನೂರಿಪ್ಪತ್ತಮೂರು ವರ್ಷ ಒಬ್ಬನೇ ರಾಜನ ಕೈಯಲ್ಲಿದ್ದ ಎರಡು ರಾಜ್ಯಗಳು ಒಂದೇ ಸಾವಿನಲ್ಲಿ ಬೇರೆಯಾದವು.

ರಾಜ ತನಗೆ ಬೇಕಾದವರಿಗೆ ಪಟ್ಟ ಬರೆದು ಕೊಡಬಹುದೇ?

ಬರೆದುಕೊಟ್ಟವನೊಬ್ಬ ಇದ್ದ. ಎಂಟನೆಯ ಹೆನ್ರಿಯ ಮಗ ಆರನೆಯ ಎಡ್ವರ್ಡ್ 1553ರಲ್ಲಿ, ಹದಿನೈದನೆಯ ವಯಸ್ಸಿಗೆ ಸಾಯುತ್ತ ಮಲಗಿದ್ದ. ಅವನು ಪ್ರೊಟೆಸ್ಟೆಂಟ್, ಪಾರ್ಲಿಮೆಂಟಿನ ಕಾಯ್ದೆಯಂತೆ ಮುಂದೆ ಬರಬೇಕಾದ ಅಕ್ಕ ಮೇರಿ ಕ್ಯಾಥೊಲಿಕ್. ತನ್ನ ಕೈಯಾರೆ ಒಂದು ಕಾಗದ ಬರೆದ: ಪಟ್ಟ ನೆಂಟರ ಹುಡುಗಿ ಜೇನ್ ಗ್ರೇಯ ಗಂಡುಮಕ್ಕಳಿಗೆ. ಆದರೆ ಜೇನ್‌ಗೆ ಮಕ್ಕಳಿರಲಿಲ್ಲ, ಹುಟ್ಟುವ ತನಕ ಇವನು ಬದುಕುವ ಸೂಚನೆಯೂ ಇರಲಿಲ್ಲ. ಅದೇ ಕಾಗದದಲ್ಲಿ ಒಂದೆರಡು ಪದ ಹೊಡೆದು, ಮೇಲೆ ಸೇರಿಸಿ, 'ಜೇನ್‌ಗೆ ಮತ್ತು ಅವಳ ಗಂಡುಮಕ್ಕಳಿಗೆ' ಎಂದು ತಿದ್ದಿದ. ಗೀಚಿದ ಆ ಕಾಗದ ಇವತ್ತಿಗೂ ಇದೆ.

ಆ ಎರಡು ಪದ ಒಂದು ಜೀವ ತಿಂದವು. ಜುಲೈ 10ರಂದು ಜೇನ್‌ಳನ್ನು ರಾಣಿಯೆಂದು ಸಾರಿದರು. ಜನ ಮೇರಿಯ ಕಡೆ ನಿಂತರು, ಮಂತ್ರಿಗಳೂ ಪಕ್ಷ ಬದಲಿಸಿದರು, 19ರಂದು ಎಲ್ಲ ಮುಗಿಯಿತು. 1554ರ ಫೆಬ್ರವರಿ 12ರಂದು ಲಂಡನ್ ಟವರ್‌ನ ಅಂಗಳದಲ್ಲಿ ಅವಳ ತಲೆ ಹೊಡೆದರು. ಅವಳು ಪಟ್ಟ ಕೇಳಿದವಳೂ ಅಲ್ಲ. ಪಾರ್ಲಿಮೆಂಟು ಮಾಡಿದ್ದನ್ನು ರಾಜನ ಕಾಗದ ಅಳಿಸಲಾರದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಬೇರೆ ಧರ್ಮದವರು ರಾಜರಾಗಬಹುದೇ? ಹಿಂದೂ ಆದರೆ?

ಆಗದು. ರಾಜನಾದವನು ಇಂಗ್ಲೆಂಡಿನ ಚರ್ಚಿಗೆ ಸೇರಿದವನಾಗಿರಬೇಕು, ಆ ಚರ್ಚಿನ ಮುಖ್ಯಸ್ಥ ಅವನೇ. ಕ್ಯಾಥೊಲಿಕರನ್ನಂತೂ ಕಾನೂನು ಹೆಸರು ಹಿಡಿದೇ ಹೊರಗಿಟ್ಟಿದೆ. ಪ್ರಧಾನಿಗೆ ಈ ಕಟ್ಟಳೆ ಇಲ್ಲ. ಚಾರ್ಲ್ಸರ ಪಟ್ಟಾಭಿಷೇಕದಲ್ಲಿ ಬೈಬಲಿನ ಭಾಗ ಓದಿದ ಆಗಿನ ಪ್ರಧಾನಿ ರಿಷಿ ಸುನಕ್ ಹಿಂದೂ.

ಇದರ ಬೇರು 1688ರಲ್ಲಿದೆ. ಎರಡನೆಯ ಜೇಮ್ಸ್ ಕ್ಯಾಥೊಲಿಕ್ ಆಗಿದ್ದ. ದೇಶ ಹೇಗೋ ಸಹಿಸಿಕೊಂಡಿತ್ತು. ಏಕೆಂದರೆ ಅವನಿಗೆ ವಯಸ್ಸಾಗಿತ್ತು, ಮುಂದಿನ ಸಾಲಿನಲ್ಲಿದ್ದ ಹೆಣ್ಣುಮಕ್ಕಳು ಮೇರಿ, ಆನ್ ಇಬ್ಬರೂ ಪ್ರೊಟೆಸ್ಟೆಂಟರು. ಅಷ್ಟರಲ್ಲಿ ಆ ಜೂನ್ 10ರಂದು ಎರಡನೆಯ ಹೆಂಡತಿಗೆ ಗಂಡುಮಗು ಹುಟ್ಟಿತು. ಊರೆಲ್ಲ ಗುಲ್ಲೆದ್ದಿತು: ರಾಣಿ ಹೆತ್ತೇ ಇಲ್ಲ, ಹಾಸಿಗೆ ಬೆಚ್ಚಗೆ ಮಾಡಲು ಕೆಂಡ ತುಂಬಿ ತರುವ ಮುಚ್ಚಳದ ಪಾತ್ರೆಯಲ್ಲಿ ಯಾರದೋ ಕೂಸನ್ನು ಕದ್ದು ತಂದಿಟ್ಟಿದ್ದಾರೆ! ಹೆರಿಗೆಯ ಕೋಣೆಯಲ್ಲಿ ಜನ ಕಿಕ್ಕಿರಿದಿದ್ದರೂ ಗುಲ್ಲು ನಿಲ್ಲಲಿಲ್ಲ. ಕೊನೆಗೆ ರಾಜನೇ ಸಾಕ್ಷಿಗಳನ್ನು ಕರೆಸಿ ಹೇಳಿಕೆ ಬರೆಸಬೇಕಾಯಿತು. (ರಾಜಮನೆತನದ ಹೆರಿಗೆಗೆ ಗೃಹ ಸಚಿವರು ಹಾಜರಿರುವ ಪದ್ಧತಿ ಬಹಳ ಕಾಲ ಇತ್ತು. 1926ರಲ್ಲಿ ಎಲಿಜಬೆತ್ ಹುಟ್ಟುವಾಗಲೂ ಆ ಮನುಷ್ಯ ಮನೆಯಲ್ಲಿ ಕಾದು ಕೂತಿದ್ದ. 1948ರಲ್ಲಿ ಚಾರ್ಲ್ಸ್ ಹುಟ್ಟುವ ಮುಂಚೆ ಕೈಬಿಟ್ಟರು.)

1688ರಲ್ಲೇ ಜೇಮ್ಸ್ ದೇಶ ಬಿಟ್ಟು ಓಡಿದ. ಮಗಳು ಮೇರಿ, ಅಳಿಯ ವಿಲಿಯಂ ಜೋಡಿಯಾಗಿ ಪಟ್ಟಕ್ಕೆ ಬಂದರು. ಅವರಿಗೆ ಮಕ್ಕಳಾಗಲಿಲ್ಲ. ತಂಗಿ ಆನ್ ಹದಿನೇಳು ಸಲ ಬಸುರಿಯಾದರೂ ಬಾಲ್ಯ ದಾಟುವ ಹಾಗೆ ಕಂಡದ್ದು ಒಂದೇ ಮಗು. ಅದೂ 1700ರಲ್ಲಿ, ಹನ್ನೊಂದನೆಯ ವಯಸ್ಸಿಗೆ ತೀರಿಹೋಯಿತು. ಮಾರನೆಯ ವರ್ಷ ಪಾರ್ಲಿಮೆಂಟು ಕೂತು ವಂಶವೃಕ್ಷವನ್ನೇ ಸೋಸಿತು. ರಕ್ತದಲ್ಲಿ ಹತ್ತಿರದವರಾದ 50ಕ್ಕೂ ಹೆಚ್ಚು ಕ್ಯಾಥೊಲಿಕರನ್ನು ಬದಿಗಿಟ್ಟು ಹ್ಯಾನೊವರ್‌ನ ಸೋಫಿಯಾ ಎಂಬ ಎಪ್ಪತ್ತು ದಾಟಿದ ಮುದುಕಿಯನ್ನು ಆರಿಸಿತು. ಮೊದಲನೆಯ ಜೇಮ್ಸ್‌ನ ಮೊಮ್ಮಗಳು, ಪ್ರೊಟೆಸ್ಟೆಂಟ್. ಪಟ್ಟಕ್ಕೆ ಅಷ್ಟು ಸಾಕಾಯಿತು.

ಪಾಪ, ಅವಳಿಗೂ ದಕ್ಕಲಿಲ್ಲ. 1714ರ ಜೂನಿನಲ್ಲಿ ಹೆರೆನ್‌ಹೌಸೆನ್‌ನ ತೋಟದಲ್ಲಿ ಅಡ್ಡಾಡುವಾಗ ಮಳೆ ಬಂತು. 83ರ ಅಜ್ಜಿ ಆಸರೆಗೆಂದು ಬಿರುಸಾಗಿ ಹೆಜ್ಜೆ ಹಾಕಿ ಅಲ್ಲೇ ಕುಸಿದು ಸತ್ತಳು. ಲಂಡನ್ನಿನಲ್ಲಿ ಆನ್ ರಾಣಿ ತೀರಿಕೊಂಡದ್ದು ಅದಾದ ಸುಮಾರು ಎರಡು ತಿಂಗಳಿಗೆ. ಸೋಫಿಯಾಳ ಮಗ ಜಾರ್ಜ್ ರಾಜನಾದ. ಇವತ್ತಿಗೂ ಸಾಲಿನಲ್ಲಿ ನಿಲ್ಲಬೇಕಾದರೆ ಆ ಅಜ್ಜಿಯ ಸಂತತಿಯೇ ಆಗಿರಬೇಕು.

ಕ್ಯಾಥೊಲಿಕರನ್ನು ಮದುವೆಯಾದರೆ?

ಮೊದಲು ಅದಕ್ಕೂ ಹಕ್ಕು ಹೋಗುತ್ತಿತ್ತು. ಕೆಂಟ್‌ನ ಮೈಕೆಲ್ ರಾಜಕುಮಾರರು 1978ರಲ್ಲಿ ಹೀಗೆ ಸಾಲಿನಿಂದ ಹೊರಬಿದ್ದು 2015ರಲ್ಲಿ ಮತ್ತೆ ಒಳಬಂದರು. ಈಗ ಮದುವೆಯಾಗಬಹುದು. ಮೊದಲ ಆರು ಸ್ಥಾನದವರು ಮಾತ್ರ ರಾಜರ ಒಪ್ಪಿಗೆ ಪಡೆಯಬೇಕು.

ದತ್ತು ಮಗನಿಗೆ ಪಟ್ಟ ಉಂಟೇ?

ಇಲ್ಲ. ಮದುವೆಯಾಚೆ ಹುಟ್ಟಿದವರಿಗೂ ಇಲ್ಲ. ಎರಡನೆಯ ಚಾರ್ಲ್ಸ್‌ನ ಮಗ ಮನ್ಮತ್ ಡ್ಯೂಕ್ 1685ರಲ್ಲಿ ತಾನೇ ರಾಜನೆಂದು ದಂಡೆತ್ತಿ ಬಂದು ತಲೆ ಕಳೆದುಕೊಂಡ.

ಕನ್ನಡಿಗರಿಗೆ ಈ ಪ್ರಶ್ನೆ ಬರೀ ಕುತೂಹಲದ್ದಲ್ಲ. ದತ್ತು ಎಂದರೆ ನಮ್ಮಲ್ಲಿ ಶಾಸ್ತ್ರೋಕ್ತವಾಗಿ ಮಗನೇ. ತಮ್ಮ ರಾಜರಿಗೆ ದತ್ತಿನ ಅಭ್ಯಾಸವೇ ಇಲ್ಲದ ದೇಶದ ಕಂಪನಿಯವರು ಇಲ್ಲಿಗೆ ಬಂದು ಅದನ್ನು ಒಪ್ಪುವ, ಬಿಡುವ ಅಧಿಕಾರ ತಮ್ಮದೆಂದರು. 1824ರಲ್ಲಿ ಕಿತ್ತೂರಿನ ದತ್ತುಪುತ್ರ ಶಿವಲಿಂಗಪ್ಪನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಥ್ಯಾಕರೆಯ ಹೆಣ ಬಿತ್ತು. ಚೆನ್ನಮ್ಮ ರಾಣಿ ಮುಂದೆ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು. ಮೈಸೂರಿನಲ್ಲಿ ಬೇರೆ ಬಗೆ. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ತೆಗೆದುಕೊಂಡ ಚಾಮರಾಜೇಂದ್ರರನ್ನು 1867ರಲ್ಲಿ ಬ್ರಿಟಿಷ್ ಸರ್ಕಾರ ಒಪ್ಪಿತು, 1881ರಲ್ಲಿ ರಾಜ್ಯವನ್ನೂ ಹಿಂದಿರುಗಿಸಿತು. ನಡುವೆ 1857 ಆಗಿಹೋಗಿತ್ತಲ್ಲ.

ಸೋದರಳಿಯನಿಗೆ ಪಟ್ಟ ಹೋದದ್ದು ಉಂಟೇ?

ಮಂಗಳೂರಿನ ಗೆಳೆಯರೊಬ್ಬರು ತಮಾಷೆಗೆ ಕೇಳಿದ್ದು, ಆದರೆ ಉಂಟು. ಮೊದಲನೆಯ ಹೆನ್ರಿಯ ಏಕೈಕ ಸಕ್ರಮ ಮಗ 1120ರಲ್ಲಿ ಹಡಗು ಒಡೆದು ಮುಳುಗಿ ಸತ್ತ. ಮಗಳು ಮಟಿಲ್ಡಾಳನ್ನು ಒಪ್ಪುವುದಾಗಿ ಸರದಾರರಿಂದ ಆಣೆ ಹಾಕಿಸಿಕೊಂಡಿದ್ದ. 1135ರಲ್ಲಿ ಅವನು ಕಣ್ಣು ಮುಚ್ಚಿದ್ದೇ ತಡ, ಸಹೋದರಿಯ ಮಗ ಸ್ಟೀಫನ್ ಓಡಿಬಂದು ಪಟ್ಟ ಕಟ್ಟಿಸಿಕೊಂಡ. ಮಾವನಿಂದ ಸೋದರಳಿಯನಿಗೆ ಹಕ್ಕು ಹೋಗುವ ತುಳುನಾಡಿನ ಅಳಿಯಕಟ್ಟಿನ ಕಣ್ಣಲ್ಲಿ ಇದೇನು ತಪ್ಪು ಎನಿಸಬಹುದು. ಆದರೆ ಸ್ಟೀಫನ್‌ಗೆ ಅಣ್ಣ ಇದ್ದ, ಆ ಲೆಕ್ಕದಲ್ಲೂ ಇವನ ಸರದಿಯಲ್ಲ. ಇಪ್ಪತ್ತು ವರ್ಷದ ಹತ್ತಿರ ಹೊಡೆದಾಡಿ, ಕೊನೆಗೆ ರಾಜಿ: ಬದುಕಿರುವ ತನಕ ಸ್ಟೀಫನ್, ಆಮೇಲೆ ಮಟಿಲ್ಡಾಳ ಮಗ. ಹಾಗೆ 1154ರಲ್ಲಿ ಎರಡನೆಯ ಹೆನ್ರಿ ಬಂದ.

ರಾಣಿಯ ಗಂಡ ಯಾಕೆ ರಾಜನಲ್ಲ?

ರಾಜನ ಹೆಂಡತಿ ರಾಣಿ ಎನ್ನುವುದು ಗಂಡನಿಂದ ಬರುವ ಗೌರವ. ರಾಜ ಎನ್ನುವುದು ಆಳುವವನ ಹೆಸರು. ಅದಕ್ಕೇ ಚಾರ್ಲ್ಸರ ಹೆಂಡತಿ ಕ್ಯಾಮಿಲ್ಲಾ ರಾಣಿ, ಎಲಿಜಬೆತ್ ರಾಣಿಯ ಗಂಡ ಫಿಲಿಪ್ ಕೊನೆತನಕ ರಾಜಕುಮಾರ.

ಪಟ್ಟ ಬೇಡ ಎಂದರೆ ಬಿಡಬಹುದೇ?

ರಾಜೀನಾಮೆ ಪತ್ರ ಬಿಸಾಕಿ ಹೋಗುವ ಹಾಗಿಲ್ಲ. ಎಂಟನೆಯ ಎಡ್ವರ್ಡ್ 1936ರ ಡಿಸೆಂಬರ್ 10ರಂದು, ಮೂವರು ತಮ್ಮಂದಿರ ಸಾಕ್ಷಿಯಲ್ಲಿ, ಪಟ್ಟ ತ್ಯಜಿಸುವ ಪತ್ರಕ್ಕೆ ಸಹಿ ಹಾಕಿದರು. ಆದರೂ ಆ ರಾತ್ರಿ ಅವರೇ ರಾಜರು. ಮರುದಿನ ಪಾರ್ಲಿಮೆಂಟು ಕಾಯ್ದೆ ಮಾಡಿ, ಅದಕ್ಕೆ ರಾಜರಾಗಿ ತಾವೇ ಒಪ್ಪಿಗೆ ಕೊಟ್ಟ ಮೇಲಷ್ಟೇ ಬಿಡುಗಡೆ. ಒಮ್ಮೆ ವಿಚ್ಛೇದನ ಪಡೆದು ಎರಡನೆಯ ವಿಚ್ಛೇದನದ ಹಾದಿಯಲ್ಲಿದ್ದ ವಾಲಿಸ್ ಸಿಂಪ್ಸನ್‌ರನ್ನು ಮದುವೆಯಾಗುವ ಹಟಕ್ಕೆ 326 ದಿನದ ಆಳ್ವಿಕೆ ಮುಗಿಯಿತು. ಆ ಕಾಯ್ದೆಯಲ್ಲೇ ಅವರಿಗೆ ಮುಂದೆ ಹುಟ್ಟುವ ಮಕ್ಕಳ ಹಕ್ಕನ್ನೂ ಕತ್ತರಿಸಿದರು.

1931ರ ನಂತರ ಕೆನಡಾ, ದಕ್ಷಿಣ ಆಫ್ರಿಕಾದಂಥ ದೇಶಗಳು ಕಾನೂನಿನಲ್ಲಿ ಬ್ರಿಟನ್ನಿಗೆ ಸರಿಸಮ. ಹಾಗಾಗಿ ದಕ್ಷಿಣ ಆಫ್ರಿಕಾ 10ನೇ ತಾರೀಖಿಗೇ ಪಟ್ಟ ಹೋಯಿತೆಂದಿತು, ಬ್ರಿಟನ್ನಿನಲ್ಲಿ 11, ಐರ್ಲೆಂಡಿನಲ್ಲಿ 12. ಎರಡು ದಿನ ಯಾವ ದೇಶಕ್ಕೆ ಯಾರು ರಾಜ ಎಂದು ನಕ್ಷೆ ನೋಡಿ ಹೇಳಬೇಕಿತ್ತು. ಇಂದು ಬ್ರಿಟನ್ ಸೇರಿ 15 ದೇಶಗಳಿಗೆ ಚಾರ್ಲ್ಸ್ ರಾಜರು. ಸಾಲು ತಿದ್ದಬೇಕಾದರೆ ಇವರನ್ನೆಲ್ಲ ಕೇಳಬೇಕು.

ಹ್ಯಾರಿ ಮನೆ ಬಿಟ್ಟರು, ಆಂಡ್ರ್ಯೂ ಬಿರುದು ಹೋಯಿತು. ಸಾಲಿನಿಂದಲೂ ಹೋದರೇ?

ಬಿರುದು ಬೇರೆ, ಸಾಲು ಬೇರೆ. 2025ರ ಅಕ್ಟೋಬರಿನಲ್ಲಿ ಚಾರ್ಲ್ಸ್ ತಮ್ಮನ 'ರಾಜಕುಮಾರ' ಬಿರುದನ್ನೇ ಕಿತ್ತುಕೊಳ್ಳಲು ಹೊರಟರು. ಅದು ರಾಜರ ಅಧಿಕಾರ. ಆಗಲೂ ಆಂಡ್ರ್ಯೂ ಎಂಟನೆಯ ಸ್ಥಾನದಲ್ಲೇ ಉಳಿದರು. ಸ್ಥಾನ ತೆಗೆಯಬೇಕಾದರೆ ಕಾಯ್ದೆಯೇ ಆಗಬೇಕು, ಅಣ್ಣನ ಸಿಟ್ಟು ಸಾಲದು.

ರಾಜ ಎಳೆಯ ಮಗುವಾದರೆ?

1422ರಲ್ಲಿ ಆರನೆಯ ಹೆನ್ರಿ ರಾಜನಾದಾಗ ಒಂಬತ್ತು ತಿಂಗಳೂ ತುಂಬಿರಲಿಲ್ಲ. ಈಗ 1937ರ ಕಾಯ್ದೆಯಂತೆ 18 ತುಂಬುವವರೆಗೆ ಸಾಲಿನಲ್ಲಿ ಮುಂದಿರುವ ಅರ್ಹ ವಯಸ್ಕರು ರಾಜನ ಹೆಸರಿನಲ್ಲಿ ಆಳುತ್ತಾರೆ.

ನಮ್ಮ ದೇಶದ ಮೇಲಿದ್ದ ಅವರ ಪಟ್ಟ ಯಾವಾಗ ಮುಗಿಯಿತು?

1947 ಎಂದೇ ಎಲ್ಲರೂ ಹೇಳುತ್ತಾರೆ. ಸ್ವಾತಂತ್ರ್ಯ ಬಂದದ್ದು ಆಗ, ಆದರೆ ಪಟ್ಟ ಮುಗಿದದ್ದು ಆಮೇಲೆ. 1877ರ ಜನವರಿ 1ರಂದು ದೆಹಲಿ ದರ್ಬಾರಿನಲ್ಲಿ ವಿಕ್ಟೋರಿಯಾಳನ್ನು ಚಕ್ರವರ್ತಿನಿ ಎಂದು ಸಾರಿದರು. ಆಮೇಲೆ ಮಗ ಏಳನೆಯ ಎಡ್ವರ್ಡ್, ಮೊಮ್ಮಗ ಐದನೆಯ ಜಾರ್ಜ್, ಮರಿಮಕ್ಕಳು ಎಂಟನೆಯ ಎಡ್ವರ್ಡ್ ಮತ್ತು ಆರನೆಯ ಜಾರ್ಜ್. ಒಂದು ವರ್ಷವೂ ಆಳದ ಎಂಟನೆಯ ಎಡ್ವರ್ಡ್ ಹೆಸರಿನಲ್ಲೂ ಕಛ್ ಸಂಸ್ಥಾನ ನಾಣ್ಯ ಹೊಡೆಸಿತ್ತು. ಚಕ್ರವರ್ತಿ ಎಂಬ ಬಿರುದನ್ನು ಆರನೆಯ ಜಾರ್ಜ್ ಬಿಟ್ಟದ್ದು 1948ರ ಜೂನ್ 22ರಂದು. ನಮ್ಮ ಸಂವಿಧಾನ ಜಾರಿಗೆ ಬಂದ 1950ರ ಜನವರಿ 26ರವರೆಗೂ ಕಾಗದದ ಮೇಲೆ ಅವರೇ ಭಾರತದ ರಾಜರು. ಆ ತಾರೀಖು ಇನ್ನೆರಡು ವರ್ಷಕ್ಕಿಂತ ತುಸು ಹೆಚ್ಚು ಮುಂದೆ ಹೋಗಿದ್ದರೆ ಎಲಿಜಬೆತ್ ನಮಗೂ ರಾಣಿಯಾಗಿರುತ್ತಿದ್ದರು.

ಬೆಂಗಳೂರಿನವರು ಕಬ್ಬನ್ ಪಾರ್ಕಿಗೆ ಹೋದರೆ ಈ ಸಾಲಿನ ಮೊದಲ ಇಬ್ಬರನ್ನು ನೋಡಬಹುದು. ಮಹಾತ್ಮ ಗಾಂಧಿ ರಸ್ತೆಯ ಕಡೆ ವಿಕ್ಟೋರಿಯಾ, ಪಾರ್ಕಿನ ಇನ್ನೊಂದು ಅಂಚಿನಲ್ಲಿ ಮಗ ಏಳನೆಯ ಎಡ್ವರ್ಡ್. ಅಜ್ಜಿಯ ಪ್ರತಿಮೆಯ ಮುಸುಕು ಸರಿಸಿದವನು 1906ರಲ್ಲಿ ಬಂದಿದ್ದ ಮೊಮ್ಮಗ, ಆಗಿನ್ನೂ ಯುವರಾಜ. ಹೆಚ್ಚೂಕಡಿಮೆ ಬದಿಯಲ್ಲೇ ಬಸ್ಸಿಗೆ ಕಾಯುವವರು ತಲೆ ಎತ್ತಿ ನೋಡುವುದು ಮಳೆ ಬಂದಾಗ ಮಾತ್ರ.